ಸೂಜಿ ಬೇಕು, ಇನ್ಸುಲಿನ್ ಬೇಡ: ಯಾಕೆ ಹೀಗೆ?

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯಲ್ಲಿ ಸಿಗುವ ಮೂರು ತಾಲೂಕು ಕೇಂದ್ರಗಳು. ಆ ಕಡೆ ಜ್ವರ, ಮೈಕೈ ನೋವು ಎಂದು ದವಾಖಾನೆಗೆ ಹೋದವರು ಎಷ್ಟೋ ಸಲ ತಾವೇ ಕೇಳುತ್ತಾರೆ: ‘ಒಂದು ಸೂಜಿ ಮಾಡ್ರಿ’. ಬರೀ ಗುಳಿಗೆ ಬರೆದು ಕೊಟ್ಟರೆ ಅವರಿಗೆ ಸಮಾಧಾನವಿಲ್ಲ. ಅದೇ ಮನುಷ್ಯನಿಗೆ ಶುಗರ್ ಏರಿ, ಡಾಕ್ಟರು ಇನ್ಸುಲಿನ್ ಹೇಳಿದರೆ ಮಾತ್ರ ಹಿಂಜರಿಕೆ. ‘ಒಮ್ಮೆ ಶುರು ಮಾಡಿದ್ರೆ ಸಾಯೋತನಕ ಬಿಡಂಗಿಲ್ಲ’ ಎನ್ನುವ ಭಯ.

ಈ ಭಯ ನಮ್ಮ ಕರಾವಳಿಯ ಮನೆಗಳಲ್ಲೂ ಇದೆ. ಎರಡೂ ಸೂಜಿಯೇ. ಒಂದನ್ನು ಕೇಳಿ ಪಡೆಯುವವರು ಇನ್ನೊಂದಕ್ಕೆ ಬೇಡ ಅನ್ನುವುದು ಯಾಕೆ?

‘ಓದಿಲ್ಲ, ಹಿಂದುಳಿದವರು’ ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಅದು ಸರಿಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಸಿಂಧನೂರಿನ ರೈತರು ಕಟಾವಿನ ಮಷೀನನ್ನು ಯಾರೂ ಉಪದೇಶ ಮಾಡದೆ ಒಪ್ಪಿಕೊಂಡವರು. ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕೂತು, ಸಾವಿರ ದಿನ ದಾಟಿದರೂ ಏಳದವರು ಇದೇ ಜಿಲ್ಲೆಯ ಜನ. ಹೊಸ ಚಿಕಿತ್ಸೆ ಬೇಡ ಎನ್ನುವವರು ಹೀಗೆ ಮಾಡುತ್ತಾರೆಯೇ?

ಪಕ್ಕದ ಹೊಲದ ಪಾಠ

ಹೊಸತನ್ನು ಜನ ಹೇಗೆ ಒಪ್ಪುತ್ತಾರೆ ಎಂಬ ಅಧ್ಯಯನ ಬೆಳೆದದ್ದೂ ರೈತರಿಂದಲೇ. ಅಮೆರಿಕದ ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಒಪ್ಪಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 1943ರಲ್ಲಿ ಬರೆದರು. ಬೀಜದ ಸುದ್ದಿ ರೈತರಿಗೆ ಹೆಚ್ಚಾಗಿ ಮುಟ್ಟಿದ್ದು ಮಾರುವವರಿಂದ. ಬಿತ್ತುವ ಧೈರ್ಯ ಬಂದದ್ದು ಮಾತ್ರ ನೆರೆಯವರಿಂದ. 1962ರಲ್ಲಿ ಎವೆರೆಟ್ ರೋಜರ್ಸ್ ಇದನ್ನೇ ವಿಸ್ತರಿಸಿ ಪುಸ್ತಕ ಬರೆದರು. ಅದರ ಸಾರ ಐದು ಪ್ರಶ್ನೆ: ಇದರಿಂದ ಲಾಭವಿದೆಯೇ? ನಮ್ಮ ಬದುಕಿಗೆ ಹೊಂದುತ್ತದೆಯೇ? ಬಳಸಲು ಸುಲಭವೇ? ಸ್ವಲ್ಪ ಪರೀಕ್ಷಿಸಿ ನೋಡಬಹುದೇ? ಫಲ ಕಣ್ಣಿಗೆ ಕಾಣುತ್ತದೆಯೇ?

ಈ ಪ್ರಶ್ನೆಗಳನ್ನು ಸೂಜಿಗೆ ಹಾಕಿ ನೋಡಿ. ಜ್ವರದ ಇಂಜೆಕ್ಷನ್ ಕೊಟ್ಟ ಸಂಜೆಯೇ ಮೈ ಹಗುರ. 108ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಮಗು ಕಾಣುತ್ತದೆ. ಇನ್ಸುಲಿನ್ ಫಲ ಹಾಗಲ್ಲ. ಕಣ್ಣು ಹೋಗಲಿಲ್ಲ, ಕಿಡ್ನಿ ಕೆಡಲಿಲ್ಲ, ಕಾಲು ಕತ್ತರಿಸಬೇಕಾಗಲಿಲ್ಲ ಎನ್ನುವುದೇ ಅದರ ಫಲ. ಆಗದೇ ಹೋದದ್ದನ್ನು ನೆರೆಯವರಿಗೆ ತೋರಿಸುವುದು ಹೇಗೆ? ಬಿಪಿ ಗುಳಿಗೆಯದ್ದೂ ಲಸಿಕೆಯದ್ದೂ ಇದೇ ಕಥೆ.

ಜತೆಗೆ ತಪ್ಪು ಲೆಕ್ಕವೂ ಸೇರುತ್ತದೆ. ಬಹಳ ಮಂದಿ ಇನ್ಸುಲಿನ್‌ಗೆ ಬರುವುದು ಕಾಯಿಲೆ ಬಲಿತ ಮೇಲೆ. ಅಷ್ಟರಲ್ಲಿ ಅಂಗಾಂಗ ಕೆಟ್ಟಿರುತ್ತದೆ. ನೋಡಿದವರು ‘ಇನ್ಸುಲಿನ್ ತಗೊಂಡ ಮೇಲೇ ಕಿಡ್ನಿ ಹೋಯ್ತು’ ಅನ್ನುತ್ತಾರೆ. ಹಾನಿ ಮಾಡಿದ್ದು ತಡ, ಬೈಗುಳ ತಿಂದದ್ದು ಔಷಧ.

ಬದುಕಿಗೆ ಹೊಂದಬೇಕು

ಎಲ್ಲ ನಿರಾಕರಣೆಯೂ ಭಯದ್ದಲ್ಲ. ಇನ್ಸುಲಿನ್ ತಂಪಿನಲ್ಲಿರಬೇಕು. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕೂಲಿಯವರ ಮನೆಯಲ್ಲಿ ಫ್ರಿಜ್ ಎಲ್ಲಿ? ಒದ್ದೆ ಮರಳಿನ ಮಣ್ಣಿನ ಮಡಕೆಯಲ್ಲಿ ಬಾಟಲಿ ಇಟ್ಟು ತಂಪು ಕಾಯಬಹುದು ಎಂದು ಯಾರಾದರೂ ಕೂತು ಹೇಳಿಕೊಟ್ಟರೆ ಅರ್ಧ ತೊಡಕು ಅಲ್ಲೇ ಬಗೆಹರಿಯುತ್ತದೆ.

2021ರ ಕೋವಿಡ್ ಲಸಿಕೆಯನ್ನು ನೆನಪಿಸಿಕೊಳ್ಳಿ. 18ರಿಂದ 44 ವರ್ಷದವರು ಮೊದಲಿಗೆ ಕೋವಿನ್‌ನಲ್ಲಿ ಹೆಸರು ನೋಂದಾಯಿಸಲೇಬೇಕಿತ್ತು. ಅದಕ್ಕೆ ಕನ್ನಡ ಬಂದದ್ದು ಜೂನ್‌ನಲ್ಲಿ. ಸ್ಮಾರ್ಟ್‌ಫೋನ್ ಇಲ್ಲದವರು ಲಸಿಕೆ ನಿರಾಕರಿಸಿದವರಲ್ಲ, ಬಾಗಿಲಲ್ಲೇ ಉಳಿದವರು. ಹಾಗೆಯೇ 2019ರಲ್ಲಿ ಶುರುವಾದ ಇ-ಸಂಜೀವಿನಿಯಲ್ಲಿ ದೂರದ ವೈದ್ಯರು ಪರದೆಯಲ್ಲೇ ರೋಗಿಯನ್ನು ನೋಡುತ್ತಾರೆ. ಜಿಲ್ಲಾ ಕೇಂದ್ರಕ್ಕೆ ಹೋಗಿಬರಲು ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಆದರೆ ‘ಮುಟ್ಟಿ ನೋಡದೆ ಏನು ಗೊತ್ತಾಗ್ತದ್ರಿ?’ ಎನ್ನುವ ಪ್ರಶ್ನೆ ಮೌಢ್ಯವಲ್ಲ. ಪರಿಚಯದ ನರ್ಸ್ ಪಕ್ಕದಲ್ಲಿದ್ದು ಬಿಪಿ ನೋಡಿ, ಮಾತು ತಿಳಿಸಿ ಹೇಳಿದರೆ ಆ ಪರದೆಯೂ ನಂಬಿಕೆಗೆ ಬರುತ್ತದೆ.

ಕೈ ಯಾರದು?

ಫಲ ಕಣ್ಣಿಗೆ ಕಾಣದ ಕಡೆ ಜನ ಕೊಡುವ ಕೈಯನ್ನು ನೋಡುತ್ತಾರೆ. ಇದಕ್ಕೆ ನಮ್ಮ ಸಮುದಾಯವೇ ಸಾಕ್ಷಿ. ಪೋಲಿಯೊ ಹನಿಯಿಂದ ಮಕ್ಕಳಾಗುವುದಿಲ್ಲ ಎಂಬ ಗಾಳಿಸುದ್ದಿ ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ಹಬ್ಬಿತ್ತು. 2002ರಲ್ಲಿ ದೇಶದಲ್ಲಿ 1,600 ಪ್ರಕರಣ ಕಂಡುಬಂದವು. ಆಮೇಲೆ ಉಲಮಾಗಳು ಮುಂದೆ ಬಂದರು, ಮಸೀದಿಯ ಮೈಕಿನಲ್ಲಿ ಘೋಷಣೆಯಾಯಿತು, ಅಲಿಗಢ, ಜಾಮಿಯಾ ವಿಶ್ವವಿದ್ಯಾಲಯಗಳು ಕೈಜೋಡಿಸಿದವು, ಅದೇ ಮೊಹಲ್ಲಾದ ಹೆಂಗಸರು ಮನೆಮನೆಗೆ ಹೋದರು. ಹನಿ ಅದೇ, ಕೈ ಮಾತ್ರ ಬದಲಾಯಿತು. 2011ರ ಜನವರಿ 13ರ ಹೌರಾದ ಪ್ರಕರಣವೇ ದೇಶದಲ್ಲಿ ವೈಲ್ಡ್ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂದು ಪ್ರಮಾಣಪತ್ರ ಬಂತು.

ಸಿಂಧನೂರಿಗೂ ಮಂಗಳೂರಿಗೂ ಹೊಂದುವ ಪಾಠ ಇದು. ಆಶಾ ಕಾರ್ಯಕರ್ತೆಗೆ ಬರೀ ಟಾರ್ಗೆಟ್ ಕೊಟ್ಟು ಓಡಿಸಿದರೆ ಸಾಲದು, ಮನೆಯವರ ಪ್ರಶ್ನೆಗೆ ಕೂತು ಉತ್ತರಿಸುವಷ್ಟು ಸಮಯವೂ ಸಂಬಳವೂ ಬೇಕು. ಡಾಕ್ಟರು ಇನ್ಸುಲಿನ್ ಬರೆಯುವಾಗ ಯಾಕೆ, ಎಷ್ಟು ದಿನ, ಬಿಟ್ಟರೆ ಏನಾಗುತ್ತದೆ ಎಂದು ಹೇಳಬೇಕು. ಇನ್ಸುಲಿನ್ ತೆಗೆದುಕೊಂಡು ಚೆನ್ನಾಗಿರುವವರು ಅದನ್ನು ಮುಚ್ಚಿಡಬಾರದು. ನಿಮ್ಮ ಮನೆಯಲ್ಲಿ ಹಾಗೆ ಯಾರಾದರೂ ಇದ್ದರೆ ಪಕ್ಕದ ಮನೆಯವರಿಗೆ ಹೇಳಿ. ಅವರ ಪಾಲಿಗೆ ಬೆಳೆದು ನಿಂತ ಪಕ್ಕದ ಹೊಲ ನೀವೇ.