ನೆಗ್ಗು, ಪೆಟ್ಟು ಮತ್ತು ಸುತ್ತಿಗೆ

ತಾಮ್ರದ ಕೊಡವು ಕೈಜಾರಿ ಬಿದ್ದಾಗ ಮೂಡುವ ತಗ್ಗನ್ನು ಕನ್ನಡದಲ್ಲಿ ‘ನೆಗ್ಗು’ ಎನ್ನುತ್ತೇವೆ. ಪುಣೆಯ ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ಪಾತ್ರೆಯ ಮೈತುಂಬ ಸಾಲಾಗಿ ಮೂಡಿಸುವ ಸುತ್ತಿಗೆಯ ಗುರುತುಗಳಿಗೆ ಮರಾಠಿಯಲ್ಲಿ ‘ಮಠಾರಕಾಮ’ವೆಂದು ಹೆಸರು. ಎರಡೂ ಪೆಟ್ಟಿನ ಗುರುತುಗಳೇ. ಒಂದು ಪಾತ್ರೆಯ ಊನ, ಇನ್ನೊಂದು ಅದರ ಬಲ. ವೃತ್ತಿಪದಗಳನ್ನು ಸಂಗ್ರಹಿಸುವವರು ಎರಡನ್ನೂ ‘ತಗ್ಗು’ ಎಂಬ ಒಂದೇ ಅರ್ಥದ ಕೆಳಗೆ ಸೇರಿಸಿಬಿಡುವುದುಂಟು. ನಮ್ಮ ಮೊದಲ ಪಟ್ಟಿಯಲ್ಲಿಯೂ ಈ ತಪ್ಪು ನುಸುಳಿತ್ತು.

ಭೇದವು ಲೋಹದ ಸ್ವಭಾವದಲ್ಲಿದೆ. ತಣ್ಣಗಿರುವ ತಾಮ್ರವು ಬಡಿದಷ್ಟೂ ಗಡುಸಾಗುತ್ತದೆ, ಅತಿಯಾದರೆ ಬಿರಿಯುತ್ತದೆ. ಆದ್ದರಿಂದ ನಡುನಡುವೆ ಕೆಂಪಗೆ ಕಾಯಿಸಿ ಮೆದುಗೊಳಿಸುತ್ತಾರೆ. ಆಕಾರ ಬಂದ ಮೇಲಿನ ಕೊನೆಯ ಪೆಟ್ಟುಗಳ ಗಡುಸನ್ನು ಮಾತ್ರ ಹಾಗೆಯೇ ಉಳಿಸಲಾಗುತ್ತದೆ. ತೆಳುವಾದ ತಗಡು ತುಂಬಿದ ನೀರಿನ ಭಾರವನ್ನು ತಾಳಲು ಇದು ನೆರವಾಗುತ್ತದೆ.

ನೆಗ್ಗನ್ನು ತೆಗೆಯುವಾಗ ಉಕ್ಕಿನ ಸುತ್ತಿಗೆಯಿಂದ ಜೋರಾಗಿ ಬಡಿದರೆ ತಗಡು ತೆಳುವಾಗಿ ಹಿಗ್ಗಿ ಬೇರೆಡೆ ಉಬ್ಬುತ್ತದೆ. ಮರದ ಕೊಡತಿಯಾದರೆ ಅಷ್ಟು ಹಿಗ್ಗಿಸದೆ ಲೋಹವನ್ನು ಸ್ವಸ್ಥಾನಕ್ಕೆ ಸರಿಸುತ್ತದೆ. ಅಂಚಿನಿಂದ ನಡುವಿಗೆ ಬರಬೇಕು. ಕಂಚಿನ ಮಾತೇ ಬೇರೆ. ತವರ ಹೆಚ್ಚಿರುವ ಕಂಚಿನ ಪಾತ್ರೆ ತಣ್ಣಗಿರುವಾಗ ಪೆಟ್ಟಿಗೆ ಬಾಗದೆ ಒಡೆಯುತ್ತದೆ. ಅದರ ವಿಷಯದಲ್ಲಿ ‘ನೆಗ್ಗು’ ಎಂಬ ಪದಕ್ಕೆ ಕೆಲಸವೇ ಇಲ್ಲ, ‘ಬಿರುಕು’ ಎಂದೇ ಬರೆಯಬೇಕು.