ಲಂಗರು ದೋಣಿಯನ್ನು ಹಿಡಿಯುವ ಬಗೆ

ಲಂಗರು ತನ್ನ ತೂಕದಿಂದ ದೋಣಿಯನ್ನು ನಿಲ್ಲಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಲೆಕ್ಕ ಹಾಕಿ ನೋಡೋಣ. 15 ಕಿಲೋಗ್ರಾಂ ಲಂಗರಿನ ತೂಕ ಸುಮಾರು 150 ನ್ಯೂಟನ್. ನೀರಿನಲ್ಲಿ ಇನ್ನೂ ಕಡಿಮೆ. ಬಿರುಗಾಳಿಗೆ ಸಿಕ್ಕ 10 ಮೀಟರ್ ಉದ್ದದ ಹಾಯಿದೋಣಿಯ ಎಳೆತವಾದರೋ ಸಾವಿರಾರು ನ್ಯೂಟನ್. ಗಾಳಿಯ ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿಯಾಗುತ್ತದೆ. ದೋಣಿಯನ್ನು ಬಂಡೆಗಪ್ಪಳಿಸದಂತೆ ತಡೆಯುವುದು ಸಮುದ್ರತಳದ ಮಣ್ಣು. ಲಂಗರು ಅದರಲ್ಲಿ ಹೂತುಕೊಳ್ಳಬೇಕು, ಅಷ್ಟೆ. ಆದ್ದರಿಂದ ಲಂಗರು ಕೊಳ್ಳುವಾಗ ತೂಕದಷ್ಟೇ ಆಕಾರವೂ ಮುಖ್ಯ.

ದ್ರವಚಲನೆಯ ಅಧ್ಯಯನಕ್ಕೆ ಹೆಸರಾದ ಇಂಗ್ಲೆಂಡಿನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಮ್ ಟೇಲರ್ ಹಾಯಿದೋಣಿಯ ಹವ್ಯಾಸಿಯೂ ಆಗಿದ್ದರು. 1933ರಲ್ಲಿ ಅವರು ರೂಪಿಸಿದ 'ಸಿಕ್ಯೂಆರ್' ಲಂಗರು ನೇಗಿಲ ಗುಳದಂತಿದೆ, ಎಳೆದಷ್ಟೂ ಆಳಕ್ಕಿಳಿಯುತ್ತದೆ. ಗಟ್ಟಿ ಮರಳಿನಲ್ಲಿ ಮಾತ್ರ ಒಮ್ಮೊಮ್ಮೆ ಮಗ್ಗುಲಾಗಿ ಜಾರುವುದುಂಟು. 'ರೋಕ್ನಾ'ದಂಥ ಈಚಿನ ಲಂಗರುಗಳ ಅಲಗು ನಿಮ್ನವಾಗಿದ್ದು, ಮೇಲಿನ ಕಮಾನು ಅವನ್ನು ಸರಿಯಾದ ಮಗ್ಗುಲಿಗೆ ಹೊರಳಿಸುತ್ತದೆ.

ಎಂಥ ಲಂಗರಾದರೂ ಎಳೆತ ತಳಕ್ಕೆ ಬಹುಮಟ್ಟಿಗೆ ಸಮಾಂತರವಾಗಿರಬೇಕು. ನೀರಿನ ಆಳ 5 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲಿದೆ ಎನ್ನಿ. ಬಿಗಿದ ಹಗ್ಗ 18 ಮೀಟರ್ ಇದ್ದರೆ ತಳದೊಡನೆ ಕೋನ ಸುಮಾರು 19 ಡಿಗ್ರಿ. 42 ಮೀಟರ್ ಬಿಟ್ಟರೆ 8 ಡಿಗ್ರಿ. ಉಬ್ಬರದಲ್ಲಿ ನೀರು 3 ಮೀಟರ್ ಏರಿದರೆ ಅದೇ 42 ಮೀಟರಿಗೂ ಕೋನ 12 ಡಿಗ್ರಿಯಾಗುತ್ತದೆ. ಸರಪಳಿ ತನ್ನ ಭಾರದಿಂದ ಜೋತು ಕೋನವನ್ನು ತಗ್ಗಿಸುತ್ತದೆ, ನಿಜ. ಬಿರುಗಾಳಿಯಲ್ಲಿ ಅದೂ ಬಿಗಿದು ಹೆಚ್ಚುಕಡಿಮೆ ಸರಳರೇಖೆಯಾಗುತ್ತದೆ.