ಸ್ಥಳಚಿತ್ರವೂ ನಾಡಿನ ಅಭಿಜ್ಞಾನವೂ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಪರ್ವತ, ಸಮುದ್ರ, ನಗರಗಳಿಗೆ ಸ್ಥಾನವುಂಟು. ಆದರೆ ಕವಿಸಮಯವನ್ನೇ ಅನುಸರಿಸಿದ ನಗರವರ್ಣನೆಯು, ಹೆಸರನ್ನು ಬದಲಿಸಿದರೆ, ಬೇರೊಂದು ನಗರಕ್ಕೂ ಸಲ್ಲುವುದು. ಒಂದೇ ಸ್ಥಳಕ್ಕೆ ಸಲ್ಲುವ ನಿರೂಪಣೆಯಿಂದ ನಾಡಿನ ಅಭಿಜ್ಞಾನವು ಹೇಗೆ ಬೆಳೆಯುವುದೆಂಬುದಕ್ಕೆ ಜಪಾನಿನ ಮರದಚ್ಚಿನ ಚಿತ್ರಗಳು ಉತ್ತಮ ನಿದರ್ಶನ.

ಆ ದೇಶದಲ್ಲಿ ಕವಿತೆಗಳಿಂದಲೂ ಕಥೆಗಳಿಂದಲೂ ಪ್ರಸಿದ್ಧವಾದ ತಾಣಗಳನ್ನು 'ಮೇಯ್ಶೊ' ಎಂದು ಕರೆಯುವರು. ಹೊಕುಸಾಯ್ ಎಂಬ ಚಿತ್ರಕಾರನು 1830ರ ಸುಮಾರಿನಲ್ಲಿ ಫೂಜಿ ಪರ್ವತದ 36 ನೋಟಗಳನ್ನು ತೊಡಗಿ, ಬಳಿಕ ಹತ್ತನ್ನು ಸೇರಿಸಿದನು. ಹಿರೊಶಿಗೆ ಎಂಬವನು 1833-34ರಲ್ಲಿ ಎದೊ ನಗರದಿಂದ ಕ್ಯೋತೊ ನಗರಕ್ಕೆ ಹೋಗುವ ಹೆದ್ದಾರಿಯ 53 ತಂಗುದಾಣಗಳನ್ನು, ಆದ್ಯಂತಗಳೊಡನೆ, 55 ಚಿತ್ರಗಳಲ್ಲಿ ತೋರಿಸಿದನು. ಚಿತ್ರಕಾರನು ಬರೆದುದನ್ನು ಕೆತ್ತನೆಗಾರನು ಮರದ ಹಲಗೆಗಳಲ್ಲಿ ಕೆತ್ತುವನು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಹಲಗೆ. ಅಚ್ಚೊತ್ತುವವನು ಅವನ್ನು ಒಂದೇ ಹಾಳೆಯ ಮೇಲೆ ಕ್ರಮವಾಗಿ ಒತ್ತುವನು. ಹೀಗೆ ಸಾವಿರಾರು ಪ್ರತಿಗಳು ಅಲ್ಪಬೆಲೆಗೆ ದೊರೆತುದರಿಂದ, ಆ ದಾರಿಯನ್ನು ನಡೆಯದವನಿಗೂ ಅದರ ಊರುಗಳು ಪರಿಚಿತವಾದುವು.

ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ಚಿತ್ರಮಾಲೆಯಲ್ಲ, ನಾಮಮಾಲೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ನಾಡಿನ ಎಲ್ಲೆಯನ್ನು ಹೇಳಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ಭಾಗವನ್ನು ಕನ್ನಡದ ತಿರುಳೆಂದು ಗುರುತಿಸುವುದು. ಇವುಗಳಲ್ಲಿ ಒಕ್ಕುಂದವು ಬೈಲಹೊಂಗಲ ಸೀಮೆಯ ವಕ್ಕುಂದವೆಂದೂ ಕಿಸುವೊಳಲು ಪಟ್ಟದಕಲ್ಲೆಂದೂ ವಿದ್ವಾಂಸರ ನಿರ್ಣಯ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳನ್ನು ಹಾದು ಹರಿಯುವ ಮಲಪ್ರಭೆಯೇ ಮುಂದೆ ಪಟ್ಟದಕಲ್ಲನ್ನು ಮುಟ್ಟುವುದು. ಆದುದರಿಂದ ಈ ಎರಡು ಹೆಸರುಗಳು ಬಿಡಿ ಹೆಸರುಗಳಲ್ಲ. ಒಂದೇ ನದಿಯ ಕಣಿವೆಯ ಎರಡು ತಂಗುದಾಣಗಳೆಂದು ಭಾವಿಸಬಹುದು. ಇಲ್ಲಿ ವಿಶೇಷಣಗಳ ಆಡಂಬರವಿಲ್ಲ. ಆದರೂ ಒಂದು ಹೆಸರಿನ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥವೇ ಕೆಡುವುದು.

ಭೇದವಿರುವುದು ಪ್ರಸಾರದಲ್ಲಿ. ಜಪಾನಿನ ಚಿತ್ರವು ಹುಟ್ಟುವಾಗಲೇ ಅಚ್ಚಾಗಿ ಜನರ ಕೈಸೇರಿತು. ಕವಿರಾಜಮಾರ್ಗವಾದರೋ ಶತಮಾನಗಳ ಕಾಲ ಓಲೆಯಲ್ಲಿದ್ದು, 1898ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಿಂದ ಮುದ್ರಿತವಾಯಿತು. ಅನಂತರ ಅದರ ಎಲ್ಲೆಯ ಮಾತು ಏಕೀಕರಣದ ಪ್ರತಿಪಾದಕರಿಗೆ ಪ್ರಮಾಣವಾಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೈಲಹೊಂಗಲ, ಕಿತ್ತೂರು, ಸವದತ್ತಿಗಳೂ, 1948ರವರೆಗೆ ಸಂಸ್ಥಾನದ ರಾಜಧಾನಿಯಾಗಿದ್ದ ರಾಮದುರ್ಗವೂ 1956ರಲ್ಲಿ ಏಕೀಕೃತ ರಾಜ್ಯದೊಳಗೆ ಬಂದುವು.

ಎಲ್ಲೆಯು ಹೀಗೆ ಸಾಧಿತವಾದರೂ ತಿರುಳಿನ ಪರಿಚಯವು ಬೇರೆಯೇ ಕಾರ್ಯ. ಪದ್ಯವು ಹೆಸರನ್ನು ಕೊಡುವುದು. ಚಿತ್ರವು ನೋಟವನ್ನು ಕೊಡುವುದು. ನೋಟವಿಲ್ಲದ ಹೆಸರು ಬರಿಯ ಅಭಿಮಾನಕ್ಕೆ ಸಾಧನವಾಗಿ ಉಳಿದೀತು. ಈ ಪದ್ಯವನ್ನು ಬೋಧಿಸುವವರು ನಾಲ್ಕು ಊರುಗಳ ಭೂಪಟವನ್ನೂ ಮಲಪ್ರಭೆಯ ಪಾತ್ರವನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ಲಕ್ಷಣಗ್ರಂಥದ ಒಕ್ಕುಂದವು ಮನೆಮಠಗಳುಳ್ಳ ವಕ್ಕುಂದವಾಗಿ ತೋರುವುದು.